ಶಬ್ದವಾಗಿ ಉಳಿದ ಆಟಗಳು

ಬ್ರಿಟನ್ನಿನಲ್ಲಿ ಐವತ್ತು ದಾಟಿದವರ ಗುಂಪಿನಲ್ಲಿ ‘ಸ್ಪೆಕ್ಟ್ರಮ್’ ಎಂಬ ಹೆಸರೆತ್ತಿದರೆ ಸಾಕು, ಮಾತಿಗೆ ಹೊಸ ಕಳೆ ಬರುತ್ತದೆ. ನಮ್ಮ ಆಸ್ಪತ್ರೆಯ ವಿರಾಮ ಕೊಠಡಿಯಲ್ಲಿ ಇದನ್ನು ಹಲವು ಬಾರಿ ಕಂಡಿದ್ದೇನೆ. ಕ್ಲೈವ್ ಸಿಂಕ್ಲೇರ್ ಅವರ ಸಂಸ್ಥೆ 1982ರ ಏಪ್ರಿಲ್‌ನಲ್ಲಿ ಹೊರತಂದ ಝಡ್‌ಎಕ್ಸ್ ಸ್ಪೆಕ್ಟ್ರಮ್, ರಬ್ಬರ್ ಕೀಲಿಗಳಿದ್ದ ಒಂದು ಪುಟ್ಟ ಕಪ್ಪು ಗಣಕ. 16 ಕಿಲೋಬೈಟ್ ಸ್ಮೃತಿಯ ಯಂತ್ರಕ್ಕೆ 125 ಪೌಂಡ್, 48 ಕಿಲೋಬೈಟ್‌ನದಕ್ಕೆ 175 ಪೌಂಡ್. ಮನೆಯ ಟಿ.ವಿ.ಯೇ ಅದರ ಪರದೆ, ಹಾಡು ಕೇಳುವ ಟೇಪ್ ರೆಕಾರ್ಡರೇ ಅದರ ಭಂಡಾರ. 1984ರಲ್ಲಿ ಭಾರತದ ಆಯ್ದ ಶಾಲೆಗಳಿಗೆ ‘ಕ್ಲಾಸ್’ ಯೋಜನೆಯಡಿ ಬಂದ ಬಿಬಿಸಿ ಮೈಕ್ರೊ ಗಣಕಗಳು ನಮ್ಮ ಪೀಳಿಗೆಯ ಕೆಲವರಿಗೆ ನೆನಪಿರಬಹುದು. ಅವೂ ಇದೇ ನಾಡಿನ, ಇದೇ ಕಾಲದ ಕೂಸುಗಳು.

ಕಳೆದ ಚಳಿಗಾಲದಲ್ಲಿ ನಮ್ಮ ವಾರ್ಡಿನ ಹಿರಿಯ ದಾದಿಯೊಬ್ಬರು ಬೂಟಿನ ಪೆಟ್ಟಿಗೆಯ ತುಂಬ ಕ್ಯಾಸೆಟ್‌ಗಳನ್ನು ತಂದರು. ತೀರಿಹೋದ ಅವರ ಅಣ್ಣ ಹದಿನಾಲ್ಕರ ವಯಸ್ಸಿನಲ್ಲಿ ತಾನೇ ಬರೆದ ಆಟವೊಂದು ಅವುಗಳಲ್ಲಿ ಎಲ್ಲಿಯೋ ಇತ್ತು. ಗಣಕ ಎಂದೋ ಕಸದ ಪಾಲಾಗಿತ್ತು. ನನಗೆ ಈ ಹವ್ಯಾಸವಿರುವುದು ಅವರಿಗೆ ಗೊತ್ತಿತ್ತು.

ಯಂತ್ರವಿಲ್ಲದಿದ್ದರೂ ಅದರ ನಡೆಯನ್ನು ಇಂದಿನ ಲ್ಯಾಪ್‌ಟಾಪಿನಲ್ಲಿ ಮರುಸೃಷ್ಟಿಸುವ ತಂತ್ರಾಂಶವೇ ಎಮ್ಯುಲೇಟರ್. ನಾನು ಬಳಸುವುದು ‘ಫ್ಯೂಸ್’ ಎಂಬ ಉಚಿತ ತಂತ್ರಾಂಶ. ಸಿಂಕ್ಲೇರ್ ಗಣಕಗಳ ಹಕ್ಕನ್ನು 1986ರಲ್ಲಿ ಕೊಂಡ ಆಮ್‌ಸ್ಟ್ರಾಡ್ ಸಂಸ್ಥೆ, ಯಂತ್ರದ ಮೂಲ ರಾಮ್ ಅನ್ನು ಎಮ್ಯುಲೇಟರ್‌ಗಳೊಡನೆ ಹಂಚಲು ಅನುಮತಿ ನೀಡಿರುವುದು ನಮ್ಮಂಥವರ ಭಾಗ್ಯ. ಆಟಗಳ ಹಕ್ಕು ಮಾತ್ರ ಅವುಗಳನ್ನು ಬರೆದವರದೇ.

ಕಷ್ಟವಿದ್ದುದು ಕ್ಯಾಸೆಟ್ಟಿನಲ್ಲಿ. ಸ್ಪೆಕ್ಟ್ರಮ್ ತನ್ನ ದತ್ತಾಂಶವನ್ನು ಕರ್ಕಶ ಶಬ್ದವಾಗಿ ಟೇಪಿಗೆ ಬರೆಯುತ್ತಿತ್ತು. ಸೊನ್ನೆಗೆ ಗಿಡ್ಡ ಮಿಡಿತ, ಒಂದಕ್ಕೆ ಅದರ ಇಮ್ಮಡಿ ಉದ್ದದ ಮಿಡಿತ; ವ್ಯತ್ಯಾಸ ಇಷ್ಟೇ. ಮೊಬೈಲಿನಲ್ಲಿ ಧ್ವನಿಮುದ್ರಿಸಿದರೆ ಅದು ಗದ್ದಲವನ್ನು ಅಡಗಿಸುವ ಉತ್ಸಾಹದಲ್ಲಿ ಮಿಡಿತಗಳನ್ನೇ ಅಳಿಸಿಬಿಡಬಹುದು. ಆದ್ದರಿಂದ ಟೇಪ್ ರೆಕಾರ್ಡರಿನ ಇಯರ್‌ಫೋನ್ ಕಿಂಡಿಯಿಂದ ನೇರವಾಗಿ ತಂತಿ ಎಳೆದು, ಸಂಕುಚನವಿಲ್ಲದ ವೇವ್ ಕಡತವಾಗಿ ಉಳಿಸಿಕೊಳ್ಳಬೇಕು. ಧ್ವನಿ ಮಂಕಾಗಿದ್ದರೆ ಟೇಪ್ ಹೆಡ್ಡಿನ ಪಕ್ಕದ ಸಣ್ಣ ತಿರುಪನ್ನು, ಶಬ್ದ ತೀಕ್ಷ್ಣವಾಗುವ ತನಕ, ಕೂದಲೆಳೆಯಷ್ಟು ತಿರುಗಿಸಬೇಕು. ಸ್ಟೆತಾಸ್ಕೋಪಿನಲ್ಲಿ ಕ್ಷೀಣವಾದ ಮರ್ಮರ ಧ್ವನಿಯನ್ನು ಅರಸುವ ಕೆಲಸಕ್ಕೆ ಇದು ಬಹಳ ದೂರವಲ್ಲ. ಪ್ರತಿ ಖಂಡದ ಕೊನೆಯಲ್ಲಿ ತಾಳೆ ನೋಡುವ ಒಂದು ಬೈಟ್ ಇರುತ್ತದೆ; ಲೆಕ್ಕ ತಪ್ಪಿದರೆ ‘ಟೇಪ್ ಲೋಡಿಂಗ್ ಎರರ್’ ಎಂಬ ನಿಷ್ಠುರ ತೀರ್ಪು.

(ಊರಿನ ಅಟ್ಟದಲ್ಲಿ ಅಜ್ಜಿಯ ಸೋಬಾನೆಯೋ ವಿದೇಶಕ್ಕೆ ಮಾತು ತುಂಬಿ ಕಳಿಸಿದ ಕ್ಯಾಸೆಟ್ಟೋ ಇದ್ದವರು ಈ ತಂತಿಯ ಉಪಾಯವನ್ನು ಮಳೆಗಾಲಕ್ಕೆ ಮೊದಲೇ ಮಾಡಿಕೊಳ್ಳಿ. ತೇವಕ್ಕೆ ಬೂಷ್ಟು ಕಾಯುತ್ತಿರುತ್ತದೆ.)

ಇನ್ನು ಎಮ್ಯುಲೇಟರಿನ ಹೊಂದಿಸುವಿಕೆ. ಮೊದಲು 48 ಕಿಲೋಬೈಟ್ ಯಂತ್ರವನ್ನೇ ಆರಿಸಬೇಕು. ವೇಗವನ್ನು ನೂರು ಪ್ರತಿಶತದಲ್ಲಿಯೇ ಇಡಬೇಕು: ಆ ಯಂತ್ರದ ಝಡ್80 ಸಂಸ್ಕಾರಕ 3.5 ಮೆಗಾಹರ್ಟ್ಸ್‌ನಲ್ಲಿ ಓಡುತ್ತಿತ್ತು, ಬ್ರಿಟಿಷ್ ಟಿ.ವಿ.ಗೆ ಹೊಂದುವಂತೆ ಕ್ಷಣಕ್ಕೆ 50 ಬಾರಿ ಪರದೆಯನ್ನು ಬರೆಯುತ್ತಿತ್ತು. ‘ಪಾಸ್ 50’ ಎಂದು ಹುಡುಗ ಬರೆದಿದ್ದರೆ ಅದರರ್ಥ ಒಂದು ಸೆಕೆಂಡು ತಡೆ. ಲ್ಯಾಪ್‌ಟಾಪನ್ನು ಅದರ ಪಾಡಿಗೆ ಓಡಲು ಬಿಟ್ಟರೆ ಆಟಗಾರ ಕಣ್ಣು ಮಿಟುಕಿಸುವುದರೊಳಗೆ ಸತ್ತಿರುತ್ತಾನೆ. ‘ಲೋಡ್’ ಪದವನ್ನು ಅಕ್ಷರ ಅಕ್ಷರವಾಗಿ ಒತ್ತಬಾರದು, ‘ಜೆ’ ಕೀಲಿಯೊಂದರಲ್ಲಿಯೇ ಇಡೀ ಪದವಿದೆ. ಬಾಣದ ಗುರುತುಗಳಿದ್ದುದು 5ರಿಂದ 8ರವರೆಗಿನ ಕೀಲಿಗಳ ಮೇಲೆ.

ಏಳನೆಯ ಕ್ಯಾಸೆಟ್ಟಿನ ಎರಡನೆಯ ಬದಿ ಮೂರನೆಯ ಯತ್ನದಲ್ಲಿ ತಾಳೆಯಾಯಿತು. ಪರದೆಯ ಅಂಚಿನಲ್ಲಿ ಹಳದಿ ನೀಲಿ ಗೆರೆಗಳು ಓಡಿ ನಿಂತವು. ಹುಡುಗನ ಹೆಸರು ಮೂಡಿತು. ಅಕ್ಷರಗಳಿಂದಲೇ ಕಟ್ಟಿದ ಒಂದು ದೋಣಿ, ಮೇಲಿನಿಂದ ಉದುರುವ ಬಂಡೆಗಳು. ಪ್ರೋಗ್ರಾಮಿನ ಸಾಲುಗಳನ್ನು ತೆರೆದಾಗ, ಆಟದಲ್ಲಿ ಸೋತವರಿಗೆ ತೋರುವ ಸಂದೇಶದಲ್ಲಿ ತಂಗಿಯನ್ನು ಛೇಡಿಸುವ ಒಂದು ವಾಕ್ಯ ಕಾಣಿಸಿತು. ಅದನ್ನು ಅವರು ಅಲ್ಲಿ ಓದಲಿಲ್ಲ. ಆಡಿ ಸೋತೇ ಓದುತ್ತೇನೆ ಎಂದು ಕುಳಿತರು. ಪೆಟ್ಟಿಗೆಯಲ್ಲಿ ಇನ್ನೂ ಹನ್ನೊಂದು ಕ್ಯಾಸೆಟ್‌ಗಳಿವೆ. ಎರಡರ ಟೇಪು ತುಂಡಾಗಿದೆ, ಅಂಟಿಸಬೇಕು.