ಮರೆಗುಳಿ ಹಿರಿಯರು ಮತ್ತು ನಮ್ಮ ತಾಳ್ಮೆ



ಮೊದಲ ಶುಕ್ರವಾರ ಕಾಯಿಲೆಯವರಿಗೆ ಪರಮಪ್ರಸಾದ ಕೊಡಲು ಹೋಗಿದ್ದಾಗ, ಎಂಬತ್ತು ದಾಟಿದ ತಾಯಿಯೊಬ್ಬರು ನಮ್ಮ ಕೈ ಹಿಡಿದು, "ಸ್ವಾಮಿ, ಸೊಸೆ ನನ್ನ ಸರ ಕದ್ದಿದ್ದಾಳೆ" ಎಂದು ದೂರಿದರು. ಸರ ಅವರ ದಿಂಬಿನ ಕೆಳಗೇ ಇತ್ತು. ಅದನ್ನು ತೆಗೆದು ತೋರಿಸಿ, "ಸುಮ್ಮನೆ ಅಪವಾದ ಹೊರಿಸಬಾರದಮ್ಮ" ಎಂದು ಬುದ್ಧಿ ಹೇಳಿದೆವು. "ನೀವೂ ಅವಳ ಕಡೆಯೇ" ಎಂದು ಅವರು ಅತ್ತುಬಿಟ್ಟರು. ಅಡುಗೆಮನೆ ಬಾಗಿಲಲ್ಲಿ ಸೊಸೆಯೂ ಕಣ್ಣೊರೆಸಿಕೊಳ್ಳುತ್ತಿದ್ದರು. ನಮ್ಮ ಬುದ್ಧಿಮಾತಿನಿಂದ ಇಬ್ಬರಿಗೂ ನೆಮ್ಮದಿ ಸಿಗಲಿಲ್ಲ.

ಆ ತಾಯಿಗಿದ್ದದ್ದು ಡಿಮೆನ್ಷಿಯಾ. ಇದು ವಯಸ್ಸಾದಂತೆ ಬರುವ ಸಾಮಾನ್ಯ ಮರೆವಲ್ಲ, ಮಿದುಳಿನ ರೋಗ. ಇದರ ಮುಖ್ಯ ಬಗೆಯನ್ನು ಜರ್ಮನಿಯ ವೈದ್ಯ ಅಲೋಯಿಸ್ ಆಲ್ಜೈಮರ್ 1906ರಲ್ಲಿ ಮೊದಲು ವಿವರಿಸಿದರು. ಅವರ ರೋಗಿಯಲ್ಲಿ ಮೊದಮೊದಲು ಕಾಣಿಸಿಕೊಂಡದ್ದು ಗಂಡನ ಮೇಲಿನ ವಿನಾಕಾರಣ ಸಂಶಯ. ಆದ್ದರಿಂದ ಸಂಶಯವು ರೋಗದ ಲಕ್ಷಣವೇ ಹೊರತು ಕೆಟ್ಟ ಗುಣವಲ್ಲ.

ಇದು ಹೇಗೆ ಹುಟ್ಟುತ್ತದೆ? ಸರ ಇಟ್ಟ ಜಾಗ ಮರೆತುಹೋಗಿದೆ. ತಾವೇ ಇಟ್ಟದ್ದೂ ನೆನಪಿಲ್ಲ. ಹಾಗಾದರೆ ಯಾರೋ ತೆಗೆದಿರಬೇಕು. ಯಾರು? ಸದಾ ಹತ್ತಿರ ಇರುವವರು. ಹೀಗೆ ಹೆಚ್ಚು ಸೇವೆ ಮಾಡುವವರ ಮೇಲೆಯೇ ಅಪವಾದ ಬೀಳುತ್ತದೆ.

ಆದುದರಿಂದ ವಾದ ಮಾಡಬೇಡಿ. "ಬನ್ನಿ ಅಮ್ಮ, ಇಬ್ಬರೂ ಹುಡುಕೋಣ" ಎನ್ನಿ. ತಮ್ಮ ಮನೆಯಲ್ಲೇ ಕುಳಿತು ಸಂಜೆಯಾದೊಡನೆ "ಮನೆಗೆ ಹೋಗಬೇಕು" ಎಂದರೆ, ಆ ಮನೆ ಹೇಗಿತ್ತೆಂದು ಕೇಳಿ. ಕತ್ತಲಾಗುವ ಮುನ್ನವೇ ದೀಪ ಹಾಕಿ. ಸ್ನಾನಕ್ಕೆ ಒಲ್ಲೆ ಎಂದರೆ ಚಳಿಯೋ, ಭಯವೋ, ನಾಚಿಕೆಯೋ ನೋಡಿ. ಕೂಗಾಟದ ಹಿಂದೆ ಹಸಿವು, ನೋವು ಅಥವಾ ಮೂತ್ರದ ಒತ್ತಡ ಇರಬಹುದು. ಹೊರಗೆ ಹೋಗಿಬಿಡುವವರ ಜೇಬಿನಲ್ಲಿ ಹೆಸರು, ಫೋನ್ ನಂಬರಿನ ಚೀಟಿ ಇರಲಿ.

ಒಂದೆರಡು ದಿನಗಳಲ್ಲೇ ವರ್ತನೆ ಪೂರ್ತಿ ಬದಲಾದರೆ ರೋಗ ಹೆಚ್ಚಿತೆಂದು ಸುಮ್ಮನಿರಬೇಡಿ. ಮೂತ್ರದ ಸೋಂಕು, ಮಲಬದ್ಧತೆ ಅಥವಾ ಹೊಸ ಮಾತ್ರೆ ಕಾರಣವಿರಬಹುದು. ತಕ್ಷಣ ವೈದ್ಯರಲ್ಲಿಗೆ ಕರೆದೊಯ್ಯಿರಿ. ಉದ್ರೇಕ ತಗ್ಗಿಸುವ ಕೆಲವು ಮಾತ್ರೆಗಳು ಇಂಥ ಹಿರಿಯರಲ್ಲಿ ಪಾರ್ಶ್ವವಾಯು ಹಾಗೂ ಸಾವಿನ ಅಪಾಯವನ್ನು ಹೆಚ್ಚಿಸುತ್ತವೆ. ವೈದ್ಯರನ್ನು ಕೇಳದೆ ಕೊಡಲೇಬಾರದು.

ಕೊನೆಯದಾಗಿ, ದೂರದಲ್ಲಿರುವ ಮಕ್ಕಳಿಗೆ ಒಂದು ಮಾತು. ನೀವು ಬಂದ ಅರ್ಧ ಗಂಟೆ ಅಮ್ಮ ಚೆನ್ನಾಗಿಯೇ ಮಾತನಾಡಬಹುದು. ಅಷ್ಟರಿಂದಲೇ ಆ ದೂರನ್ನು ನಂಬಿ ಅತ್ತಿಗೆಯನ್ನು ಪ್ರಶ್ನಿಸಬೇಡಿ. ತಂದೆತಾಯಿಯರನ್ನು ಗೌರವಿಸುವ ಕಟ್ಟಳೆ ಮಕ್ಕಳೆಲ್ಲರಿಗೂ ಸೇರಿದ್ದು, ಸೊಸೆಯೊಬ್ಬಳಿಗಲ್ಲ. ವಾರಕ್ಕೊಂದು ದಿನವಾದರೂ ಆಕೆಗೆ ಬಿಡುವು ಕೊಡಿ. ಆಕೆಯ ಮನಸ್ಸು ಕುಸಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು.

ಮರುತಿಂಗಳು ಆ ತಾಯಿ ಮತ್ತೆ ಅದನ್ನೇ ಹೇಳಿದರು. ನಾವು ಜೊತೆಯಲ್ಲಿ ಹುಡುಕಿದೆವು. ಸರ ಸಿಕ್ಕಿತು, ಅವರು ನಕ್ಕರು. ಹೊರಡುವಾಗ ಸೊಸೆಗೆ, "ನಿನ್ನದೇನೂ ತಪ್ಪಿಲ್ಲ ಮಗಳೇ" ಎಂದೆವು. ಮೊದಲ ಸಲವೇ ಹೇಳಬೇಕಾಗಿದ್ದ ಮಾತದು.