ಕಡಲಪಾಚಿಯ ಋತುಚರ್ಯೆಯೂ ನಮ್ಮ ಕೊರಳಿನ ಗ್ರಂಥಿಯೂ

ಕಳೆದ ಬೇಸಿಗೆಯಲ್ಲಿ ಹರಿಹರದ ತಾಯಿಯೊಬ್ಬರು ದಾವಣಗೆರೆಯ ನನ್ನ ಚಿಕಿತ್ಸಾಲಯಕ್ಕೆ ಬಂದರು. ಮುಖ ಊದಿಕೊಂಡಿತ್ತು, ಧ್ವನಿ ದಪ್ಪವಾಗಿತ್ತು, ನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲಿ ಆಯಾಸ. ಹಲವು ವರ್ಷಗಳಿಂದ ಥೈರಾಯ್ಡ್ ಮಾತ್ರೆ ಸೇವಿಸುತ್ತಿದ್ದವರು ಅದನ್ನು ಬಿಟ್ಟು ಎರಡು ತಿಂಗಳಾಗಿತ್ತು. ಅದರ ಬದಲಿಗೆ ಮೊಬೈಲಿನಲ್ಲಿ ಜಾಹೀರಾತು ನೋಡಿ ತರಿಸಿದ ಹಸಿರು ಪುಡಿಯೊಂದನ್ನು ದಿನಕ್ಕೆ ಒಂದು ಚಮಚೆಯಂತೆ ನೀರಿನಲ್ಲಿ ಕದಡಿ ಕುಡಿಯುತ್ತಿದ್ದರು. ಡಬ್ಬಿಯ ಮೇಲೆ ‘ಕೆಲ್ಪ್’ ಎಂದು ಬರೆದಿತ್ತು. “ಇದು ಗಿಡದ್ದೇ ಅಲ್ವಾ ಡಾಕ್ಟ್ರೇ, ಗಿಡದಿಂದ ಏನು ತೊಂದ್ರೆ ಆಗುತ್ತೆ?” ಎಂದು ಕೇಳಿದರು.

ಆ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ಆ ಪಾಚಿ ಎಲ್ಲಿ ಬೆಳೆಯುತ್ತದೆ, ಹೇಗೆ ಬದುಕುತ್ತದೆ ಎಂಬುದನ್ನು ಮೊದಲು ತಿಳಿಯಬೇಕು.

ಹರಿಹರದಲ್ಲಿ ತುಂಗಭದ್ರೆಯ ನೀರು ಇಳಿದಾಗ ಬಂಡೆಗಳ ಮೇಲೆ ಹಸಿರು ಪಾಚಿ ಕಾಣಿಸಿಕೊಳ್ಳುವುದನ್ನು ನಾವೆಲ್ಲ ನೋಡಿದ್ದೇವೆ. ನಮ್ಮ ಪ್ರಾಚೀನ ವೈದ್ಯಗ್ರಂಥಗಳು ಶೈವಾಲವೆಂದು ಕರೆದು ತಂಪಿನ ಲೇಪಗಳಲ್ಲಿ ಬಳಸಿದ್ದು ಇಂತಹ ಸಿಹಿನೀರಿನ ಸಸ್ಯವನ್ನು. ಕೆಲ್ಪ್ ಇದರ ದೂರದ ಬಂಧುವೂ ಅಲ್ಲವೆನ್ನಬಹುದು. ಅದು ನಾರ್ವೆ, ಸ್ಕಾಟ್ಲೆಂಡ್, ಜಪಾನಿನ ಹೊಕ್ಕೈಡೊ ಮುಂತಾದೆಡೆಗಳ ತಣ್ಣನೆಯ ಕಡಲಿನಲ್ಲಿ, ಬಂಡೆಗಳನ್ನು ಹಿಡಿದು ಉದ್ದನೆಯ ಪಟ್ಟಿಗಳಂತೆ ಬೆಳೆಯುವ ಕಂದು ಪಾಚಿ. ಜಪಾನೀಯರು ಅದರ ಕೆಲವು ಜಾತಿಗಳನ್ನು ಕೋಂಬು ಎಂದು ಕರೆದು ಸಾರಿಗೆ ಬಳಸುತ್ತಾರೆ. ಕಾರವಾರದಿಂದ ಮಂಗಳೂರಿನವರೆಗಿನ ನಮ್ಮ ಕರಾವಳಿಯಲ್ಲಿ ಸರ್ಗಾಸಮ್, ಉಲ್ವಾ ಮುಂತಾದ ಪಾಚಿಗಳುಂಟು. ಆದರೆ ಕೆಲ್ಪ್ ಇಲ್ಲ. ನಮ್ಮ ಕಡಲಿನ ಬಿಸುಪನ್ನು ಅದು ತಾಳಲಾರದು.

ಶೀತಲ ಕಡಲಿನ ಬದುಕು ಸುಲಭದ್ದಲ್ಲ. ಧ್ರುವದ ಸಮೀಪದಲ್ಲಿ ಚಳಿಗಾಲದ ಹಲವು ವಾರಗಳು ಸೂರ್ಯನೇ ಕಾಣುವುದಿಲ್ಲ. ಬೇಸಿಗೆಯಲ್ಲಿ ಸೂರ್ಯ ಮುಳುಗುವುದೇ ಇಲ್ಲ. ನೀರಿನ ಆಳಕ್ಕೆ ಇಳಿದಂತೆ ಕೆಂಪು ಬೆಳಕು ಬೇಗ ಕಳೆದುಹೋಗಿ ನೀಲಿ ಹಸಿರು ಬೆಳಕು ಮಾತ್ರ ಉಳಿಯುತ್ತದೆ. ಈ ಪಾಚಿಯಲ್ಲಿರುವ ಫ್ಯೂಕೋಕ್ಸಾಂಥಿನ್ ಎಂಬ ಕಂದು ವರ್ಣದ್ರವ್ಯವು ಆ ಉಳಿದ ಬೆಳಕನ್ನೇ ಹಿಡಿದು ಆಹಾರ ತಯಾರಿಕೆಗೆ ಒದಗಿಸುತ್ತದೆ. ಬೆಳಕು ಮಿತಿಮೀರಿದಾಗ ಬೇರೊಂದು ವ್ಯವಸ್ಥೆ ಕೆಲಸ ಮಾಡಿ, ಹೆಚ್ಚಾದ ಬೆಳಕಿನ ಶಕ್ತಿಯನ್ನು ಶಾಖವಾಗಿ ಹೊರಹಾಕುತ್ತದೆ. ನೀರು ತಣ್ಣಗಾದಾಗ ಜೀವಕೋಶಗಳ ಹೊರಪೊರೆ ಗಟ್ಟಿಯಾಗದಂತೆ ಅದರಲ್ಲಿನ ಕೊಬ್ಬಿನ ಸ್ವರೂಪವೂ ಬದಲಾಗುತ್ತದೆ.

ಇದಕ್ಕಿಂತಲೂ ಸೋಜಿಗದ ಸಂಗತಿಯೊಂದಿದೆ. ಅಲಾಸ್ಕದ ಉತ್ತರದ ಕಡಲಿನಲ್ಲಿ ಲ್ಯಾಮಿನೇರಿಯ ಸಾಲಿಡಂಗ್ಯುಲ ಎಂಬ ಜಾತಿಯು ಬೇಸಿಗೆಯ ಬೆಳಕಿನಲ್ಲಿ ಸಕ್ಕರೆಯ ರೂಪದ ಆಹಾರವನ್ನು ಕೂಡಿಟ್ಟುಕೊಳ್ಳುತ್ತದೆ. ಆದರೆ ಆಗ ಹೆಚ್ಚು ಬೆಳೆಯುವುದಿಲ್ಲ, ಏಕೆಂದರೆ ಬೇಸಿಗೆಯ ನೀರಿನಲ್ಲಿ ಸಾರಜನಕದ ಅಂಶ ಕಡಿಮೆ. ಚಳಿಗಾಲದಲ್ಲಿ ಕಡಲು ಹೆಪ್ಪುಗಟ್ಟಿ ಕತ್ತಲಾವರಿಸಿದಾಗ, ನೀರಿನಲ್ಲಿ ಸಾರಜನಕ ಹೆಚ್ಚಿದಾಗ, ಕೂಡಿಟ್ಟ ಆಹಾರವನ್ನು ಖರ್ಚು ಮಾಡಿ ವರ್ಷದ ಬೆಳವಣಿಗೆಯ ಬಹುಪಾಲನ್ನು ಮಂಜುಗಡ್ಡೆಯ ಕೆಳಗೇ ಮುಗಿಸುತ್ತದೆ. ಅಷ್ಟಾಂಗಹೃದಯವು ಋತುಸಂಧಿಯ 14 ದಿನಗಳಲ್ಲಿ ಹಳೆಯ ಕ್ರಮವನ್ನು ಮೆಲ್ಲನೆ ಬಿಟ್ಟು ಹೊಸದನ್ನು ಮೆಲ್ಲನೆ ಹಿಡಿಯಬೇಕೆಂದು ವಿಧಿಸುತ್ತದೆ. ಕಾಲವನ್ನರಿತು ಮುಂಚಿತವಾಗಿ ಅಣಿಯಾಗುವ ಇದೂ ಒಂದು ಬಗೆಯ ಋತುಚರ್ಯೆಯೇ.

ಈಗ ಆ ಡಬ್ಬಿಯ ವಿಷಯಕ್ಕೆ ಬರೋಣ. ಕಡಲಿನ ಇಳಿತದ ವೇಳೆಯಲ್ಲಿ ದಡದ ಸಮೀಪದ ಕೆಲ್ಪ್ ನೀರಿನಿಂದ ಹೊರಬೀಳುತ್ತದೆ. ಅದುವರೆಗೆ ತಣ್ಣನೆಯ ಮಬ್ಬು ಬೆಳಕಿನಲ್ಲಿದ್ದ ಪಾಚಿಗೆ ಒಮ್ಮೆಲೇ ಬಿಸಿಲು, ಗಾಳಿ, ಒಣಗುವಿಕೆ ಎಲ್ಲವೂ ಎದುರಾಗುತ್ತವೆ. ಅಂತಹ ಹೊತ್ತಿನಲ್ಲಿ ಜೀವಕೋಶಗಳನ್ನು ಸುಡುವಂತಹ ಆಮ್ಲಜನಕದ ಉಗ್ರ ರೂಪಗಳು ಹುಟ್ಟುತ್ತವೆ. ಅವುಗಳನ್ನು ಶಮನ ಮಾಡಲು ಕೆಲ್ಪ್ ಬಳಸುವ ರಕ್ಷಣಾದ್ರವ್ಯ ಅಯೋಡಿನ್ ಎಂಬುದನ್ನು ಫ್ರಿಥ್ಯೋಫ್ ಕ್ಯೂಪರ್ ಮತ್ತು ಸಂಗಡಿಗರು 2008ರಲ್ಲಿ ತೋರಿಸಿಕೊಟ್ಟರು. ಇದಕ್ಕಾಗಿಯೇ ಅದು ಕಡಲಿನ ನೀರಿನಲ್ಲಿ ಅತ್ಯಲ್ಪವಾಗಿರುವ ಅಯೋಡಿನ್ನನ್ನು ಹತ್ತಾರು ಸಾವಿರ ಪಟ್ಟು ಸಾಂದ್ರಗೊಳಿಸಿ ತನ್ನೊಳಗೆ ಇಟ್ಟುಕೊಂಡಿರುತ್ತದೆ. 1811ರಲ್ಲಿ ಫ್ರಾನ್ಸಿನ ಬರ್ನಾರ್ ಕೂರ್ತ್ವಾ ಎಂಬವರು ಅಯೋಡಿನ್ ಧಾತುವನ್ನು ಮೊದಲು ಕಂಡದ್ದು ಕಡಲಪಾಚಿಯ ಬೂದಿಯಲ್ಲಿಯೇ.

ನಮ್ಮ ಕೊರಳಿನ ಥೈರಾಯ್ಡ್ ಗ್ರಂಥಿಗೂ ಅಯೋಡಿನ್ ಬೇಕು. ಆದರೆ ಎಷ್ಟು? ವಯಸ್ಕರಿಗೆ ದಿನಕ್ಕೆ 150 ಮೈಕ್ರೋಗ್ರಾಂ. ಒಂದು ಗ್ರಾಂ ಒಣ ಕೋಂಬುವಿನಲ್ಲಿ ಸಾಮಾನ್ಯವಾಗಿ 1,000 ಮೈಕ್ರೋಗ್ರಾಂಗಿಂತ ಹೆಚ್ಚು ಇರುತ್ತದೆ. ಕೆಲವು ಜಾತಿಗಳಲ್ಲಿ ಇದರ ಹಲವು ಪಟ್ಟು. ಅಂದರೆ ಒಂದು ಚಮಚೆ ಪುಡಿಯಲ್ಲಿ ಹಲವು ವಾರಗಳಿಗೆ ಸಾಲುವಷ್ಟು ಅಯೋಡಿನ್ ಒಂದೇ ದಿನ ದೇಹವನ್ನು ಸೇರಬಹುದು.

ಅಯೋಡಿನ್ ಕೊರತೆಯಾದರೆ ಸುಶ್ರುತಸಂಹಿತೆಯಲ್ಲಿ ಹೇಳಿರುವ ಗಲಗಂಡ, ಅಂದರೆ ಕೊರಳಿನ ಬಾವು, ಉಂಟಾಗುತ್ತದೆ. ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ 1956ರಿಂದ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ನಡೆಸಿದ ಅಧ್ಯಯನವು ಅಯೋಡಿನ್ ಬೆರೆಸಿದ ಉಪ್ಪಿನಿಂದ ಈ ಬಾವು ಕಡಿಮೆಯಾಗುವುದನ್ನು ತೋರಿಸಿತು. 1962ರಲ್ಲಿ ರಾಷ್ಟ್ರೀಯ ಗಲಗಂಡ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು. ಆದರೆ ಹೊಕ್ಕೈಡೊ ಕರಾವಳಿಯಲ್ಲಿ ಕೋಂಬುವನ್ನು ವಿಪರೀತ ತಿನ್ನುತ್ತಿದ್ದವರಲ್ಲಿಯೂ ಅದೇ ಕೊರಳ ಬಾವು ಕಂಡುಬಂದದ್ದನ್ನು 1965ರಲ್ಲಿ ಜಪಾನಿನ ವೈದ್ಯರು ವರದಿ ಮಾಡಿದರು. ಅಯೋಡಿನ್ ಮಿತಿಮೀರಿದಾಗ ಗ್ರಂಥಿಯು ತನ್ನ ಕೆಲಸವನ್ನು ತಾನೇ ನಿಲ್ಲಿಸಿಬಿಡುತ್ತದೆ. ಆರೋಗ್ಯವಂತರಲ್ಲಿ ಕೆಲವು ದಿನಗಳಲ್ಲಿ ಅದು ಮತ್ತೆ ಚೇತರಿಸಿಕೊಳ್ಳುತ್ತದೆ. ಮೊದಲೇ ದುರ್ಬಲವಾದ ಗ್ರಂಥಿ ಚೇತರಿಸಿಕೊಳ್ಳದೆ ಹೋಗಬಹುದು. ಗಂಟುಗಳಿರುವ ಗ್ರಂಥಿಯಾದರೆ ಅತಿಯಾಗಿ ಕೆಲಸ ಮಾಡಿ ಎದೆಬಡಿತ ಹೆಚ್ಚಿಸುವುದೂ ಉಂಟು.

ಉಪ್ಪಿಗೆ ಅಯೋಡಿನ್ ಬಂದಿರುವ ಈ ಕಾಲದಲ್ಲಿ ಥೈರಾಯ್ಡ್ ದುರ್ಬಲವಾಗಲು ಸಾಮಾನ್ಯ ಕಾರಣ ಅಯೋಡಿನ್ ಕೊರತೆಯಲ್ಲ. ದೇಹದ ರಕ್ಷಣಾಶಕ್ತಿಯೇ ತಪ್ಪುದಾರಿ ಹಿಡಿದು ಗ್ರಂಥಿಯನ್ನು ಹಾಳುಮಾಡುವುದು ಮುಖ್ಯ ಕಾರಣ. ಅಂತಹವರಿಗೆ ಹೆಚ್ಚಿನ ಅಯೋಡಿನ್ ಕೊಡುವುದು ಗಾಯದ ಮೇಲೆ ಬರೆ ಎಳೆದಂತೆ. ಆ ತಾಯಿಗೆ ಆದದ್ದು ಇದೇ: ಬೇಕಾದ ಮಾತ್ರೆ ನಿಂತಿತು, ಬೇಡದ ಅಯೋಡಿನ್ ಸೇರಿತು.

ಯುಕ್ತಿಯಿಂದ ಬಳಸಿದರೆ ವಿಷವೂ ಔಷಧವಾಗುತ್ತದೆ, ಯುಕ್ತಿಯಿಲ್ಲದೆ ಬಳಸಿದರೆ ಔಷಧವೂ ವಿಷವಾಗುತ್ತದೆ ಎಂಬುದು ಚರಕಾಚಾರ್ಯರ ಅಭಿಪ್ರಾಯ. ನಿಸರ್ಗದ್ದು ಎಂಬ ಒಂದೇ ಕಾರಣಕ್ಕೆ ಯಾವುದೂ ನಿರಪಾಯವಲ್ಲ. ಆಯುರ್ವೇದ ವೈದ್ಯನಾಗಿ ನಾನೇ ಈ ಮಾತನ್ನು ಹೇಳದಿದ್ದರೆ ತಪ್ಪಾದೀತು.

ಆದ್ದರಿಂದ ಭಕ್ತಬಂಧುಗಳು ಕೆಲವು ವಿಷಯಗಳನ್ನು ಗಮನದಲ್ಲಿಡಬೇಕು.

ಥೈರಾಯ್ಡ್ ಮಾತ್ರೆಯನ್ನು ವೈದ್ಯರನ್ನು ಕೇಳದೆ ನಿಲ್ಲಿಸಬಾರದು. ಆಯುರ್ವೇದದ ಔಷಧಿ ಸೇವಿಸುವುದಾದರೂ ರಕ್ತಪರೀಕ್ಷೆ ಮಾಡಿಸುತ್ತ, ಇಬ್ಬರೂ ವೈದ್ಯರಿಗೆ ತಿಳಿಸಿಯೇ ಸೇವಿಸಬೇಕು.

ಕೆಲ್ಪ್ ಅಥವಾ ಕಡಲಪಾಚಿ ಎಂದು ಬರೆದಿರುವ ಪುಡಿ, ಮಾತ್ರೆಗಳನ್ನು ಸ್ವಂತ ನಿರ್ಧಾರದಿಂದ ಸೇವಿಸಬಾರದು. ಗರ್ಭಿಣಿಯರು ಮತ್ತು ಹಾಲೂಡಿಸುವ ತಾಯಂದಿರು ವಿಶೇಷವಾಗಿ ದೂರವಿರಬೇಕು. ಅತಿಯಾದ ಅಯೋಡಿನ್ ಶಿಶುವಿನ ಥೈರಾಯ್ಡನ್ನೂ ಕುಗ್ಗಿಸಬಲ್ಲದು.

ಮನೆಯ ಅಡುಗೆಗೆ ಅಯೋಡಿನ್ ಬೆರೆಸಿದ ಉಪ್ಪೇ ಇರಲಿ. ಬಳಕೆದಾರರಿಗೆ ತಲುಪುವಾಗ ಈ ಉಪ್ಪಿನ ಪ್ರತಿ ಗ್ರಾಂನಲ್ಲಿ ಕನಿಷ್ಠ 15 ಮೈಕ್ರೋಗ್ರಾಂ ಅಯೋಡಿನ್ ಇರಬೇಕೆಂಬುದು ನಿಯಮ. ಆದ್ದರಿಂದ ನಾವು ತಿನ್ನುವ ಮಿತವಾದ ಉಪ್ಪಿನಿಂದಲೇ ದೇಹಕ್ಕೆ ಬೇಕಾದದ್ದರಲ್ಲಿ ಹೆಚ್ಚಿನ ಭಾಗ ಒದಗುತ್ತದೆ. ಉಳಿದದ್ದು ಹಾಲು, ಮೊಸರು ಮುಂತಾದ ಆಹಾರದಿಂದ ಬರುತ್ತದೆ. ಇದಕ್ಕಾಗಿ ಉಪ್ಪನ್ನು ಹೆಚ್ಚಿಸಬೇಕಾಗಿಲ್ಲ. ಸೈಂಧವ ಲವಣ ಶ್ರೇಷ್ಠವೆಂದು ಇಡೀ ಮನೆಗೆ ಅದೊಂದನ್ನೇ ಬಳಸುವವರು, ಅದರಲ್ಲಿ ಅಯೋಡಿನ್ ಬೆರೆಸಿದೆಯೇ ಎಂದು ನೋಡಿಕೊಳ್ಳಬೇಕು.

ಹೆಸರುಗಳಿಂದ ಗೊಂದಲ ಬೇಡ. ಮೈಸೂರಿನ ಸಿಎಫ್‌ಟಿಆರ್‌ಐ ಸಂಸ್ಥೆ ಸಂಶೋಧನೆ ನಡೆಸಿರುವ ಸ್ಪಿರುಲಿನಾ ಬೇರೆ, ಕೆಲ್ಪ್ ಬೇರೆ. ಸಿಹಿತಿನಿಸಿಗೆ ಬಳಸುವ ಚೈನಾ ಗ್ರಾಸ್ ಕೆಂಪು ಪಾಚಿಯಿಂದ ತೆಗೆದ ಅಂಟು. ಅಪರೂಪಕ್ಕೆ ತಿನ್ನುವವರು ಅದಕ್ಕೆ ಹೆದರಬೇಕಾಗಿಲ್ಲ.

ಆ ತಾಯಿಗೆ ಪುಡಿ ನಿಲ್ಲಿಸಲು ಹೇಳಿ, ಅವರ ಹಿಂದಿನ ವೈದ್ಯರ ಬಳಿಗೇ ಮರಳಿ ಕಳುಹಿಸಿದೆ. ಮಾತ್ರೆ ಪುನಃ ಆರಂಭವಾಯಿತು. ಶ್ರಾವಣದ ಹೊತ್ತಿಗೆ ಮತ್ತೆ ಬಂದಾಗ ಮುಖದ ಊತ ಇಳಿದಿತ್ತು, ಮೆಟ್ಟಿಲನ್ನು ಸಲೀಸಾಗಿ ಹತ್ತಿದ್ದರು. ಉಳಿದ ಪುಡಿಯನ್ನು ಏನು ಮಾಡಲೆಂದು ಕೇಳಿದರು. ಯಾರಿಗೂ ಕೊಡಬೇಡಿ ತಾಯಿ, ಚೆಲ್ಲಿಬಿಡಿ ಎಂದೆ. ಕೆಲ್ಪಿಗೆ ಬಿಸಿಲನ್ನು ತಾಳಲು ಅಷ್ಟು ಅಯೋಡಿನ್ ಬೇಕು, ನಮಗೆ ಬೇಡ.