ಮೋಟಾರ್ ಸೈಕಲ್ಲೂ ಹೆಸರಿನ ಬೆಲೆಯೂ

ತಿಪಟೂರಿನ ಕೊಬ್ಬರಿ ಮಾರುಕಟ್ಟೆಯನ್ನು ನಮ್ಮ ವಾಚಕರಲ್ಲಿ ಅನೇಕರು ಕಂಡಿರಬಹುದು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ರೈತರು ತೋಟದಿಂದ ಇಳಿಸಿದ ಕಾಯಿಯನ್ನು ಅಟ್ಟದ ಮೇಲೆ ಹಲವು ತಿಂಗಳು, ಕೆಲವೊಮ್ಮೆ ವರ್ಷದವರೆಗೂ, ಇರಿಸುತ್ತಾರೆ. ಒಳಗಿನ ನೀರು ಮೆಲ್ಲಮೆಲ್ಲನೆ ಇಂಗಿ, ತಿರುಳು ಚಿಪ್ಪನ್ನು ಬಿಟ್ಟು, ಅಲುಗಿಸಿದರೆ ಗಡಗಡ ಸದ್ದಾಗುವ ಹೊತ್ತಿಗೆ ಉಂಡೆ ಕೊಬ್ಬರಿ ಸಿದ್ಧವಾಗುತ್ತದೆ. ಗಿಟುಕಿನ ಒಳಭಾಗವು ಹೇಗಿದೆಯೆಂಬುದನ್ನು ಒಡೆಯದೆ ತಿಳಿಯುವಂತಿಲ್ಲ. ಒಡೆದರೆ ಅದು ಉಂಡೆಯಾಗಿ ಉಳಿಯುವುದಿಲ್ಲ. ಹೀಗಿರಲು ಉತ್ತರ ಭಾರತದ ವರ್ತಕನು ಮೂಟೆಗಟ್ಟಲೆ ಕೊಬ್ಬರಿಯನ್ನು ಯಾವ ಧೈರ್ಯದಿಂದ ತರಿಸಿಕೊಳ್ಳುತ್ತಾನೆ? 'ತಿಪಟೂರು ಕೊಬ್ಬರಿ' ಎಂಬ ಹೆಸರಿನ ಧೈರ್ಯದಿಂದ. ಹಿಂದೆ ಹಲವು ಸಲ ಕೊಂಡಾಗ ಮೋಸವಾಗದಿದ್ದುದೇ ಆ ಹೆಸರಿನ ಬಲ.

ಅದೇ ಮಾರುಕಟ್ಟೆಯ ಹೊರಗೆ ಸಾಲಾಗಿ ನಿಂತಿರುವ ಮೋಟಾರ್ ಸೈಕಲ್ಲುಗಳಿಗೂ ಈ ಮಾತು ಅನ್ವಯಿಸುತ್ತದೆ. ಅಂಗಡಿಯಲ್ಲಿ ಹೊಳೆಯುತ್ತಿರುವ ಬಂಡಿಯ ಎಂಜಿನ್ನು ಹತ್ತು ವರ್ಷಗಳ ತರುವಾಯ ಹೇಗಿರುವುದೆಂದು ಕೊಳ್ಳುವವನಿಗೆ ಕಾಣದು. ಕೊಬ್ಬರಿಯ ಹಣವಾದರೋ ದಿನದಿನವೂ ಕೈಗೆ ಬರುವುದಲ್ಲ. ವರ್ಷದ ಗಳಿಕೆಯಲ್ಲಿ ಒಂದು ಪಾಲನ್ನು ತೆತ್ತು ಕೊಂಡ ಬಂಡಿ ಕೆಟ್ಟದ್ದಾದರೆ ರೈತನು ಆ ನಷ್ಟವನ್ನು ಹಲವು ವರ್ಷ ಹೊರಬೇಕಾಗುತ್ತದೆ. ಆದುದರಿಂದ ಆತನು ಅಣ್ಣನ ಅಥವಾ ನೆರೆಯವನ ಬಂಡಿ ಯಾವುದೆಂದು ನೋಡಿ, ಅದೇ ಹೆಸರಿನದನ್ನು ಕೊಳ್ಳುತ್ತಾನೆ. ವಾಣಿಜ್ಯಶಾಸ್ತ್ರದಲ್ಲಿ ಇದಕ್ಕೆ ಗ್ರಾಹಕನಿಷ್ಠೆಯೆಂದು ಹೆಸರು. ಈ ನಿಷ್ಠೆ ಹೇಗೆ ಹುಟ್ಟುತ್ತದೆ, ಅದು ಕಾರ್ಖಾನೆಯನ್ನು ಎಷ್ಟರಮಟ್ಟಿಗೆ ಕಾಯುತ್ತದೆ ಎಂಬುದನ್ನು ನಮ್ಮ ರಾಜ್ಯದ್ದೇ ಒಂದು ಉದಾಹರಣೆಯಿಂದ ವಿಚಾರ ಮಾಡೋಣ.

1929ರಲ್ಲಿ ಚೆಕೊಸ್ಲೊವಾಕಿಯದ ಪ್ರಾಗ್ ನಗರದಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಎಂಬುವನು ಜರ್ಮನಿಯ ವಾಂಡರರ್ ಸಂಸ್ಥೆಯಿಂದ ಹಕ್ಕು ಪಡೆದು ಮೋಟಾರ್ ಸೈಕಲ್ಲುಗಳನ್ನು ತಯಾರಿಸತೊಡಗಿದನು. ಎರಡು ಹೆಸರುಗಳ ಮೊದಲ ಅಕ್ಷರಗಳು ಕೂಡಿ 'ಜಾವಾ' ಆಯಿತು. ರುಸ್ತುಂ ಇರಾನಿ, ಫಾರೂಕ್ ಇರಾನಿ ಎಂಬುವರು ಮೈಸೂರಿನಲ್ಲಿ ಸ್ಥಾಪಿಸಿದ ಐಡಿಯಲ್ ಜಾವಾ ಕಾರ್ಖಾನೆಯು 1960ರ ದಶಕದ ಆರಂಭದಲ್ಲಿ ಈ ಬಂಡಿಯನ್ನು ನಮ್ಮ ನಾಡಿನಲ್ಲಿಯೇ ತಯಾರಿಸತೊಡಗಿತು. 1973ರಿಂದ ಬಂಡಿಗಳು 'ಯೆಜ್ದಿ' ಎಂಬ ಹೊಸ ಹೆಸರಿನಲ್ಲಿ ಹೊರಬಂದುವು.

ಇಲ್ಲಿ ಗಮನಿಸತಕ್ಕ ಒಂದು ಸಂಗತಿಯಿದೆ. ಹೆಸರು ಬದಲಾದರೂ ಜನರ ಪ್ರೀತಿ ಬದಲಾಗಲಿಲ್ಲ. ಜಾವಾದ ಅಭಿಮಾನಿಗಳೇ ಯೆಜ್ದಿಯ ಅಭಿಮಾನಿಗಳಾದರು. ನಿಷ್ಠೆಯು ಕೇವಲ ಅಕ್ಷರಗಳಿಗೆ ಅಂಟಿದ್ದಾಗಿದ್ದರೆ ಹೀಗಾಗುತ್ತಿರಲಿಲ್ಲ. ಅದು ಬೇರೂರಿದ್ದುದು ಯಂತ್ರದಲ್ಲಿ, ಯಂತ್ರವನ್ನು ಬಲ್ಲ ಕೈಗಳಲ್ಲಿ.

ಆ ಯಂತ್ರವು ಎರಡು ಹೊಡೆತದ ಎಂಜಿನ್ನು. ಅದರಲ್ಲಿ ಪಿಸ್ಟನ್ನು ಒಮ್ಮೆ ಮೇಲೇರಿ ಒಮ್ಮೆ ಕೆಳಗಿಳಿಯುವಷ್ಟರಲ್ಲಿ ಒಂದು ಸುತ್ತಿನ ಕೆಲಸ ಮುಗಿಯುತ್ತದೆ. ತೆರೆದು ಮುಚ್ಚುವ ಕವಾಟಗಳಿಗೆ ಬದಲು ಸಿಲಿಂಡರಿನ ಗೋಡೆಯಲ್ಲಿಯೇ ಕಿಂಡಿಗಳಿರುವುವು. ಚಲಿಸುವ ಭಾಗಗಳು ಕಡಿಮೆ. ಆದುದರಿಂದ ಕೆಡುವುದಕ್ಕೂ ಅವಕಾಶ ಕಡಿಮೆ, ಬಿಚ್ಚಿ ಜೋಡಿಸುವುದೂ ಸುಲಭ. ಗೇರಿನ ಕೋಲನ್ನೇ ಹಿಂದಕ್ಕೆ ತಿರುಗಿಸಿದರೆ ಎಂಜಿನ್ನನ್ನು ಒದ್ದು ಚಾಲೂ ಮಾಡುವ ಕೋಲಾಗುತ್ತಿದ್ದುದು ಈ ಬಂಡಿಯ ವಿಶೇಷ. ಇದನ್ನು ಕಲಿತ ರಿಪೇರಿಯವನು ಬೇರೆ ಬಂಡಿಯನ್ನು ಕಲಿಯಬೇಕಾದರೆ ಮತ್ತೆ ಶ್ರಮಪಡಬೇಕು; ಇದರ ಬಿಡಿಭಾಗಗಳನ್ನು ಕೂಡಿಟ್ಟ ಅಂಗಡಿಯವನು ಬೇರೆಯವಕ್ಕೆ ಮತ್ತೆ ಬಂಡವಾಳ ಹೂಡಬೇಕು. ಬದಲಾವಣೆಗೆ ತೆರಬೇಕಾದ ಈ ಬೆಲೆಯೂ ನಿಷ್ಠೆಯ ಒಂದು ಆಧಾರ. ಸಣ್ಣ ಊರುಗಳಲ್ಲಿ ಇದರ ಪ್ರಭಾವವು ಹೆಚ್ಚು. ಬಂಡಿ ದಾರಿಯಲ್ಲಿ ನಿಂತಾಗ ನೆರವಾಗುವುದು ಜಾಹಿರಾತಲ್ಲ, ಹತ್ತಿರದ ರಿಪೇರಿ ಅಂಗಡಿ.

ಆದರೆ ಮಾರಾಟವೆಲ್ಲವೂ ನಿಷ್ಠೆಯ ಫಲವೆಂದು ಭಾವಿಸುವುದು ತಪ್ಪಾದೀತು. ಅಂದು ಯಾವ ಕಾರ್ಖಾನೆ ಎಷ್ಟು ಬಂಡಿ ತಯಾರಿಸಬೇಕೆಂಬುದನ್ನು ಸರ್ಕಾರದ ಪರವಾನಗಿ ನಿರ್ಧರಿಸುತ್ತಿತ್ತು, ಆಮದಿಗೂ ಕಟ್ಟುನಿಟ್ಟಿತ್ತು. ಆರಿಸಿಕೊಳ್ಳಲು ಎನ್‌ಫೀಲ್ಡ್, ರಾಜದೂತ್, ಜಾವಾ ಮುಂತಾದ ನಾಲ್ಕಾರು ಹೆಸರುಗಳಷ್ಟೇ ಇದ್ದುವು. ಆಯ್ಕೆಯೇ ಇಲ್ಲದಿರುವಾಗ ನಿಷ್ಠೆಯಾವುದು, ಅನಿವಾರ್ಯತೆಯಾವುದು ಎಂದು ಬೇರ್ಪಡಿಸುವುದು ಕಷ್ಟ. ನಿಜವಾದ ಪರೀಕ್ಷೆ ಬಂದುದು 1980ರ ದಶಕದಲ್ಲಿ. ಜಪಾನೀ ಸಂಸ್ಥೆಗಳ ಸಹಯೋಗಕ್ಕೆ ಸರ್ಕಾರವು ಅನುಮತಿ ಕೊಟ್ಟಿತು. 1984ರಲ್ಲಿ ನಮ್ಮ ಗಡಿಯಾಚೆಯ ಹೊಸೂರಿನಿಂದ ಇಂಡ್-ಸುಜುಕಿಯೂ, 1985ರಲ್ಲಿ ಹರಿಯಾಣದಿಂದ ಹೀರೋ ಹೋಂಡಾ ಸಿ.ಡಿ. 100 ಬಂಡಿಯೂ ಹೊರಬಂದುವು.

ಹೀರೋ ಹೋಂಡಾದ್ದು ನಾಲ್ಕು ಹೊಡೆತದ ಎಂಜಿನ್ನು. ಎರಡು ಹೊಡೆತದ ಎಂಜಿನ್ನಿನಲ್ಲಿ ಉರಿದ ಹೊಗೆ ಹೊರಹೋಗುವಾಗಲೇ ಹೊಸ ಇಂಧನವೂ ಒಳಬರುವುದರಿಂದ ಅದರಲ್ಲಿ ಒಂದು ಪಾಲು ಉರಿಯದೆಯೇ ಹೊರಬೀಳುತ್ತದೆ. ಪೆಟ್ರೋಲಿಗೆ ಬೆರೆಸಿದ ಎಣ್ಣೆಯೂ ಹೊಗೆಯಾಗುತ್ತದೆ. ನಾಲ್ಕು ಹೊಡೆತದ್ದರಲ್ಲಿ ಸೆಳೆಯುವುದು, ಒತ್ತುವುದು, ಉರಿಸುವುದು, ಹೊರದೂಡುವುದು ಎಂಬ ಕ್ರಿಯೆಗಳು ಬೇರೆ ಬೇರೆಯಾಗಿ ನಡೆಯುವುದರಿಂದ ಪೋಲು ಅತ್ಯಲ್ಪ. ಇದರ ಪರಿಣಾಮವನ್ನು ಲೆಕ್ಕ ಹಾಕಿ ನೋಡೋಣ. ತುರುವೇಕೆರೆಯ ಕಡೆಯಿಂದ ತಿಪಟೂರಿಗೆ ಹೋಗಿಬರುವ ಒಬ್ಬನು ದಿನಕ್ಕೆ 40 ಕಿಲೋಮೀಟರಿನಂತೆ ವರ್ಷದಲ್ಲಿ 300 ದಿನ ಸಂಚರಿಸುವನೆನ್ನೋಣ. ಒಟ್ಟು 12,000 ಕಿಲೋಮೀಟರು. ಲೀಟರಿಗೆ 30 ಕಿಲೋಮೀಟರು ಓಡುವ ಬಂಡಿಗೆ 400 ಲೀಟರು ಬೇಕು. 60 ಓಡುವುದಕ್ಕೆ 200 ಲೀಟರು ಸಾಕು. ವರ್ಷಕ್ಕೆ 200 ಲೀಟರು ಪೆಟ್ರೋಲಿನ ಉಳಿತಾಯವನ್ನು ಎಷ್ಟು ಪ್ರೀತಿ ಎದುರಿಸಬಲ್ಲುದು?

1991ರಲ್ಲಿ ವಾಹನಗಳ ಹೊಗೆಗೆ ಮಿತಿ ಬಂದಿತು. 1996ರಲ್ಲಿ ಅದು ಮತ್ತಷ್ಟು ಬಿಗಿಯಾಯಿತು. ಆ 1996ರಲ್ಲಿಯೇ ಮೈಸೂರಿನ ಕಾರ್ಖಾನೆ ಮುಚ್ಚಿಹೋಗಿ, ಅದನ್ನು ನಂಬಿದ್ದ ಕಾರ್ಮಿಕರ ಕುಟುಂಬಗಳು ಜೀವನೋಪಾಯವನ್ನು ಕಳೆದುಕೊಂಡುವು. ಒಂದು ಕಾರ್ಖಾನೆಯ ಅವಸಾನಕ್ಕೆ ಕಾರಣಗಳು ಹಲವಿರುವುವು. ಆದರೂ ಒಂದು ವೈಚಿತ್ರ್ಯವನ್ನು ನಾವು ಮರೆಯಲಾಗದು: ಬಂಡಿಯನ್ನು ಪ್ರೀತಿಸುವವರು ಅಂದೂ ಕಡಿಮೆಯಿರಲಿಲ್ಲ. ಆದರೆ ಅವರ ಬಳಿ ಆಗಲೇ ಬಂಡಿಯಿತ್ತು. ಅದು ಗಟ್ಟಿಯಾಗಿದ್ದುದರಿಂದ ಓಡುತ್ತಲೇ ಇತ್ತು. ಕಾರ್ಖಾನೆ ಬದುಕುವುದು ಹೊಸದಾಗಿ ಕೊಳ್ಳುವವರಿಂದ. ಅವರ ಕಣ್ಣು ಬೇರೆಡೆಗೆ ತಿರುಗಿತ್ತು. ನಿಷ್ಠೆಯಿದ್ದೂ ಮಾರಾಟವಿಲ್ಲದಿರಬಹುದೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಇದಕ್ಕೆ ಪ್ರತಿಯಾಗಿ 1955ರಲ್ಲಿ ಮದರಾಸಿನಲ್ಲಿ ಆರಂಭವಾದ ಎನ್‌ಫೀಲ್ಡ್ ಕಾರ್ಖಾನೆಯನ್ನು ನೋಡಬಹುದು. ಅದಕ್ಕೂ ಸಂಕಟ ಬಂದಿತ್ತು. 1994ರಲ್ಲಿ ಐಷರ್ ಸಂಸ್ಥೆಯ ವಶವಾದ ತರುವಾಯ ಅದು ಬಂಡಿಯ ಹೊರ ಆಕಾರವನ್ನು ಬಹುಮಟ್ಟಿಗೆ ಉಳಿಸಿಕೊಂಡು ಒಳಗಿನ ಎಂಜಿನ್ನನ್ನು ಹೊಸದಾಗಿಸಿತು. ಬಲಗಾಲಿನ ಗೇರು ಎಡಗಾಲಿಗೆ ಬಂದಿತು. ಹಳಬರು ಗೊಣಗಿದರೂ ಹೊಸಬರು ಬಂದರು. ನಮ್ಮ ಸೀಮೆಯ ಜಾಣ ರೈತನೂ ಹೀಗೆಯೇ ಮಾಡುತ್ತಾನೆ: ಮುದಿಮರಗಳು ಫಲ ಕೊಡುತ್ತಿರುವಾಗಲೇ ಅವುಗಳ ನಡುವೆ ಎಳೆಯ ಸಸಿಗಳನ್ನು ನೆಡುತ್ತಾನೆ.

ಹಾಗಾದರೆ ಮುಚ್ಚಿದ ಕಾರ್ಖಾನೆಯ ಹೆಸರಿಗೆ ಬೆಲೆಯೇ ಇಲ್ಲವೆ? ಇದೆ. 2018ರಲ್ಲಿ ಕ್ಲಾಸಿಕ್ ಲೆಜೆಂಡ್ಸ್ ಎಂಬ ಸಂಸ್ಥೆಯು ನಾಲ್ಕು ಹೊಡೆತದ ಹೊಸ ಎಂಜಿನ್ನಿನೊಡನೆ ಜಾವಾ ಹೆಸರನ್ನೂ, 2022ರಲ್ಲಿ ಯೆಜ್ದಿ ಹೆಸರನ್ನೂ ಮತ್ತೆ ಬಳಕೆಗೆ ತಂದಿತು. ಯೆಜ್ದಿ ಎಂಬ ಹೆಸರು ಯಾರ ಸ್ವತ್ತೆಂಬ ವ್ಯಾಜ್ಯವು ಕರ್ನಾಟಕದ ಉಚ್ಚ ನ್ಯಾಯಾಲಯದವರೆಗೂ ಹೋಯಿತು. ಯಂತ್ರಗಳು ನಿಂತು ಎರಡು ದಶಕಗಳು ಕಳೆದ ಮೇಲೂ ಆ ಹೆಸರಿಗಾಗಿ ಹೋರಾಡುವಷ್ಟು ಬೆಲೆ ಉಳಿದಿತ್ತು.

ನಮ್ಮ ವಿದ್ಯಾರ್ಥಿಗಳು ಈ ವಿಷಯವನ್ನು ತಾವೇ ಪರೀಕ್ಷಿಸಿ ನೋಡಬಹುದು. ಸಂತೆಯ ದಿನ ನಿಮ್ಮೂರಿನಲ್ಲಿ ನಿಂತಿರುವ ಬಂಡಿಗಳ ಹೆಸರುಗಳನ್ನು ಎಣಿಸಿ ಪಟ್ಟಿಮಾಡಿ. ಬಂಡಿಯ ಒಡೆಯರನ್ನು ಮೂರು ಪ್ರಶ್ನೆ ಕೇಳಿ: ಇದನ್ನೇ ಏಕೆ ಕೊಂಡಿರಿ? ಕೆಟ್ಟರೆ ಎಲ್ಲಿ ರಿಪೇರಿ ಮಾಡಿಸುತ್ತೀರಿ? ಮುಂದಿನ ಸಲವೂ ಇದನ್ನೇ ಕೊಳ್ಳುವಿರಾ? ಮೊದಲ ಪ್ರಶ್ನೆಗೆ ಬರುವ ಉತ್ತರದಲ್ಲಿ ಆ ಹೆಸರು ಇದುವರೆಗೆ ಗಳಿಸಿದ ನಂಬಿಕೆ ಕಾಣುವುದು. ಮೂರನೆಯದರ ಉತ್ತರದಲ್ಲಿ ಅದನ್ನು ತಯಾರಿಸುವ ಕಾರ್ಖಾನೆಯ ಭವಿಷ್ಯ ಕಾಣುವುದು. ನಾಳೆ ನೀವೇ ಬಂಡಿ ಕೊಳ್ಳುವಾಗಲೂ ಈ ಪ್ರಶ್ನೆಗಳು ನಿಮ್ಮ ಉಪಯೋಗಕ್ಕೆ ಬಂದಾವು.